ಬಿಳಿ ದಾರ ಕಟ್ಟಿದ ಪೊಟ್ಟಣ

ಬೀದಿಯವರೆಲ್ಲ ಕಾಜಾ ಅಕ್ಕ ಎಂದು ಕರೆಯುವ ನಾನು, ವಯಸ್ಸು ಐವತ್ತು, ಸಿದ್ಧ ಉಡುಪಿಗೆ ಕಾಜಾ ಗುಂಡಿ ಹಾಕುವ ಕೆಲಸ, ವಾಸ ನೀರಿನ ಟ್ಯಾಂಕಿನ ಹಿಂದಿನ ಬೀದಿಯ ಮೂರನೇ ಮನೆಯ ಮಹಡಿ, ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು, ದೇವರನ್ನು ನೆನೆದು ಈ ಮೂಲಕ ತಿಳಿಸುವುದೇನೆಂದರೆ:

ಮನೆಯಲ್ಲಿ ನಾನು, ನನ್ನ ಗಂಡ, ಸೊಸೆ ಇರುತ್ತೇವೆ. ಮಗ ಲಾರಿ ಓಡಿಸುತ್ತಾನೆ, ಹೆಚ್ಚಿನ ದಿನ ರಸ್ತೆಯಲ್ಲೇ. ಗಂಡನಿಗೆ ಹುಳಿತೇಗು ಬರುತ್ತದೆ. ಊಟವಾದ ಮೇಲೆ ಅರ್ಧ ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಒಂದೇ ಗುಟುಕಿಗೆ ಕುಡಿಯುವುದು ಅವರ ರೂಢಿ.

ಮೊನ್ನೆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಮೂಲೆ ಅಂಗಡಿಗೆ ಹೋಗಿ ಅಡುಗೆ ಸೋಡಾ ಕೇಳಿದೆನು. ಅಂಗಡಿಯವನನ್ನು ನಾನು ಅಣ್ಣ ಎನ್ನುತ್ತೇನೆ. ಅವನು ಬೇರೆಯವರಿಗೆ ಸಾಮಾನು ತೂಗುತ್ತಿದ್ದನು. ಅವನ ಹೆಂಡತಿ ಮೇಲಿನ ಹಲಗೆಯಿಂದ ಪೊಟ್ಟಣ ತೆಗೆದುಕೊಟ್ಟಳು. ಆ ಅಂಗಡಿಯಲ್ಲಿ ದೊಡ್ಡ ಚೀಲ ಬಿಚ್ಚಿ ಸಣ್ಣ ಪೊಟ್ಟಣ ಮಾಡಿ ದಾರ ಕಟ್ಟಿಡುತ್ತಾರೆ. ಇದಕ್ಕೆ ಬಿಳಿ ದಾರವಿತ್ತು. ಒಳಗೆ ಬಿಳಿ ಪುಡಿ. ಮೇಲೆ ಒಂದು ಅಕ್ಷರವೂ ಇರಲಿಲ್ಲ.

ಇದರ ಮೇಲೆ ಏನೂ ಬರೆದಿಲ್ಲವಲ್ಲ ಎಂದು ನಾನು ಕೇಳಿದ್ದು ನಿಜ. ಅದಕ್ಕೆ ಅವನು, "ನೀನೇನು ಪೊಟ್ಟಣ ಓದ್ಕೊಂಡು ಪರೀಕ್ಷೆ ಬರೀತೀಯಾ ಅಕ್ಕ? ನಾನು ಇಲ್ಲೇ ಕೂತಿದ್ದೀನಲ್ಲ" ಎಂದನು. ನಿಂತಿದ್ದವರು ನಕ್ಕರು. ನಾನೂ ನಕ್ಕು ಬಂದೆನು.

ಮಧ್ಯಾಹ್ನ ಎರಡಕ್ಕೆ ಊಟ ಮುಗಿಯಿತು. ಗಂಡ ತೇಗಿದರು. ಸೊಸೆ, ಮಾವ ತೇಗಿದರೆ ಕೆಳಮನೆಯವರು ಯಾರೋ ಬಾಗಿಲು ಬಡಿದರೆಂದು ಎದ್ದು ಬರುತ್ತಾರೆ ಎಂದಳು. ಹಾಗಾದರೆ ಬೇಗ ಸೋಡಾ ಕೊಡು, ಅವರಿಗೂ ನಿದ್ದೆ ಬರಲಿ ಎಂದು ಇವರು ನಕ್ಕರು. ಸೊಸೆಯೇ ವಿಷ ಹಾಕಿದಳೆಂದು ನನ್ನ ಮೈದುನ ಕೊಟ್ಟಿರುವ ದೂರಿನಲ್ಲಿ ಜಗಳ ಎಂದು ಬರೆಸಿರುವುದು ಈ ಮಾತನ್ನೇ. ಅವನು ಆಗ ಮೆಟ್ಟಿಲ ಮೇಲಿದ್ದನು. ನಮ್ಮ ಮನೆಯಲ್ಲಿ ಅದು ಜಗಳವಲ್ಲ, ಮಾತು.

ಸೊಸೆ ನನ್ನ ಕಣ್ಣೆದುರಿಗೇ ಪೊಟ್ಟಣ ಬಿಚ್ಚಿ ಕದಡಿದಳು. ಸ್ಟೀಲಿನ ಲೋಟವನ್ನು ಈ ಕೈಯಿಂದ ಆ ಕೈಗೆ ಬದಲಿಸಿ, "ಅತ್ತೆ, ತಣ್ಣೀರೇ ಹಾಕಿದ್ದು, ಲೋಟ ಯಾಕೋ ಬೆಚ್ಚಗಾಯ್ತು" ಎಂದಳು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆನು. ತಲೆ ಎತ್ತಲಿಲ್ಲ. "ಬೆಚ್ಚಗಿದ್ರೆ ಒಳ್ಳೇದೇ, ಕೊಡು" ಎಂದೆನು. ಇದನ್ನು ಹಾಗೆಯೇ ಬರೆದುಕೊಳ್ಳಬೇಕೆಂದು ಕೇಳಿಕೊಂಡಿದ್ದೇನೆ. ಕೊಡು ಎಂದವಳು ನಾನು. ಯಾಕೋ ಬೆಚ್ಚಗಾಯ್ತು ಎಂದು ಕೇಳಿದವಳು ಅವಳು.

ಅವರು ಕುಡಿದರು. ಲೋಟ ಬಿತ್ತು. ಗಂಟಲು ಹಿಡಿದುಕೊಂಡರು, ಕೂಗಲಾಗಲಿಲ್ಲ. ಕೆಳಮನೆಯವರ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಏನು ಕುಡಿದರು ಎಂದು ಡಾಕ್ಟರು ಕೇಳಿದರು. ಅಡುಗೆ ಸೋಡಾ ಎಂದೆನು. ಅದರಿಂದ ಬಾಯಿ ಹೀಗೆ ಬೇಯುವುದಿಲ್ಲ, ಪುಡಿಯ ಹೆಸರು ಹೇಳಿ ಎಂದರು. ಹೆಸರಿದ್ದರೆ ತಾನೇ ಹೇಳುವುದು. ಅಂಗಡಿಗೆ ಫೋನು ಮಾಡಿಸಿದರು. ಅಡುಗೆ ಸೋಡಾವೇ ಎಂದು ಅವನು ಹೇಳಿದನು. ಕೊನೆಗೆ ಸೊಸೆ ಮನೆಗೆ ಓಡಿ ಪೊಟ್ಟಣ ತಂದಳು. ಪರೀಕ್ಷೆ ಮಾಡಿ, ಇದು ಮೋರಿ ಕಟ್ಟಿಕೊಂಡಾಗ ಹಾಕುವ ಸುಡುವ ಪುಡಿ ಎಂದರು. ಅಷ್ಟರಲ್ಲಿ ಒಂದು ಗಂಟೆ ಕಳೆದಿತ್ತು.

ಸಂಜೆ ಅಂಗಡಿಯವನು ವಾರ್ಡಿನ ಬಾಗಿಲಿಗೆ ಬಂದನು. ತಿನ್ನುವುದಕ್ಕೆ ಬಿಳಿ ದಾರ, ತಿನ್ನಬಾರದ್ದಕ್ಕೆ ಕೆಂಪು ದಾರ ಕಟ್ಟುವುದು ತಮ್ಮ ಪದ್ಧತಿಯೆಂದೂ, ಕೆಂಪು ದಾರದ ಉಂಡೆ ಮುಗಿದಿದ್ದರಿಂದ ಹೆಂಡತಿ ಬಿಳಿಯದನ್ನೇ ಕಟ್ಟಿದ್ದಳೆಂದೂ ಹೇಳಿದನು. ನಾನು ದಿನವೆಲ್ಲ ದಾರದ ಜೊತೆ ಬದುಕುವವಳು. ಈ ಲೆಕ್ಕ ನನಗೆ ಅದೇ ಮೊದಲು ಗೊತ್ತಾದದ್ದು. ಆಮೇಲೆ ಅವನು, ಸೋಡಾ, ಮೋರಿ ಪುಡಿ ಎರಡೂ ಕೊಂಡಿದ್ದೆ, ಸೊಸೆ ಮನೆಯಲ್ಲಿ ಅದಲುಬದಲು ಮಾಡಿದಳು ಎಂದು ಹೇಳಿಬಿಡು, ಇಷ್ಟು ವರ್ಷ ಅಣ್ಣ ಎಂದಿದ್ದೀಯ ಎಂದು ಕೈಮುಗಿದನು. ದೇವರ ಹೆಸರು ಹೇಳುವ ಬಾಯಲ್ಲಿ ಅದು ಬರುವುದಿಲ್ಲ ಎಂದೆನು. ಅವನೂ ಅತ್ತನು. ಅವನಿಗೆ ಕೆಟ್ಟದ್ದು ಮಾಡುವ ಮನಸ್ಸಿತ್ತೆಂದು ನಾನು ಹೇಳುವುದಿಲ್ಲ.

ಮಾರುವ ಸಾಮಾನು ಏನು, ಅದರಿಂದ ಏನು ಅಪಾಯ ಎಂದು ಸ್ಪಷ್ಟವಾಗಿ ತಿಳಿಯುವುದು ಕೊಳ್ಳುವವರ ಹಕ್ಕು, ಕಾನೂನೇ ಇದೆ ಎಂದು ನರ್ಸಮ್ಮ ಹೇಳಿದರು. ಹಕ್ಕೆಂದು ಗೊತ್ತಿದ್ದರೆ ನಾನು ಅಂಗಡಿಯಲ್ಲಿ ನಗುತ್ತಿರಲಿಲ್ಲ.

ನಿನ್ನೆ ಬೆಳಿಗ್ಗೆಯಿಂದ ಸೊಸೆಯನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದಾರೆ. ಅವಳ ಬಲಗೈ ಬೆರಳುಗಳಲ್ಲಿ ಪುಡಿ ತಾಗಿದ ಗಾಯವಿದೆ. ವಿಷ ಎಂದು ತಿಳಿದವಳು ಬೆರಳು ಹಾಕಿ ಪುಡಿಯ ಗಂಟು ಒಡೆಯುತ್ತಿರಲಿಲ್ಲ. ಆ ಗಾಯವನ್ನು ಸಾಹೇಬರು ಕಣ್ಣಾರೆ ನೋಡಬೇಕು. ಗಂಡನಿಗೆ ನಳಿಕೆಯಲ್ಲಿ ಆಹಾರ ಕೊಡುತ್ತಿದ್ದಾರೆ. ಮಾತಿಲ್ಲ. ಸೊಸೆ ಎಲ್ಲಿ ಎಂದು ಕೈಯಲ್ಲೇ ಕೇಳುತ್ತಾರೆ.

ಈ ಕೊನೆಯ ಸಾಲುಗಳನ್ನು ನಾನೇ ಬರೆಯುತ್ತಿದ್ದೇನೆ. ಹೇಳಿಕೆ ಮುಗಿದ ಮೇಲೆ ಬರೆದುಕೊಂಡ ಪೊಲೀಸಪ್ಪ ಹೆಬ್ಬೆಟ್ಟಿನ ಶಾಯಿ ಡಬ್ಬಿ ಮುಂದಿಟ್ಟು, ಓದಿ ಹೇಳುತ್ತೇನೆ ಎಂದರು. ಬೇಡ, ನನಗೆ ಓದಲು ಬರುತ್ತದೆ ಎಂದೆನು. ಕನ್ನಡಕ ಹಾಕಿ ಮೊದಲಿನಿಂದ ಕೊನೆಯವರೆಗೆ ನಾನೇ ಓದಿದ್ದೇನೆ. ನಾನು ಹೇಳಿದ್ದೇ ಇದರಲ್ಲಿದೆ, ಹೇಳದ್ದು ಇಲ್ಲ, ದೇವರ ಸಾಕ್ಷಿ. ಆ ಪೊಟ್ಟಣದ ಮೇಲೆ ಬರೆದಿದ್ದರೆ ಅದನ್ನೂ ಓದುತ್ತಿದ್ದೆನು.

ಸ್ಥಳ: ಠಾಣೆಯ ಒಳಕೋಣೆ
ದಿನ: ಗುರುವಾರ, ಹದಿನಾಲ್ಕನೇ ತಾರೀಖು
ಸಹಿ: ಕಾಜಾ ಅಕ್ಕ, ಸ್ವಂತ ಕೈಬರಹ