ತಪ್ಪು ನಂದು ಅಂದವರು

ಕಣ್ಣಾಸ್ಪತ್ರೆಯಲ್ಲಿ ನನ್ನ ಪಕ್ಕ ಒಬ್ಬ ವಯಸ್ಸಾದ ಟೈಲರಮ್ಮ ಕೂತಿದ್ದರು. ಜೊತೆಗೆ, ಅವರ ಹತ್ತಿರ ಕೆಲಸ ಕಲಿತು ಈಗ ಸ್ವಂತ ಗಾರ್ಮೆಂಟ್ಸ್ ನಡೆಸುವ ಶಿಷ್ಯೆ.

"ನಿನ್ನೆ ನಮ್ಮ ಕಟಿಂಗ್‌ನವಳು ನಲವತ್ತು ಶರಟಿನ ತೋಳು ಗಿಡ್ಡ ಕತ್ತರಿಸಿಬಿಟ್ಲು, ಅಕ್ಕಾ."

"ಅಯ್ಯೋ! ಬೈದ್ಯಾ?"

"ಬಾಯಿ ತೆಗ್ದೆ, ನೀವು ನೆನಪಾದ್ರಿ. ನಾನು ಮದುವೆ ಕೋಟು ಹಾಳು ಮಾಡಿದಾಗ ಗಿರಾಕಿಗೆ 'ನೋಡ್ಕೋಬೇಕಾದವಳು ನಾನು, ತಪ್ಪು ನಂದು' ಅಂದಿದ್ರಲ್ಲ."

"ಅದಿನ್ನೂ ಮರೆತಿಲ್ವಾ?"

"ಹೇಗೆ ಮರೀಲಿ? ಅವತ್ತು ನನ್ನ ಕಡೆ ಬೆರಳು ತೋರಿಸಿದ್ರೆ ನಾನು ಮತ್ತೆ ಕತ್ತರಿ ಮುಟ್ತಿರಲಿಲ್ಲ. ನಿನ್ನೆ ಗಿರಾಕಿಗೆ ನಾನೂ ಹಾಗೇ ಹೇಳ್ದೆ."

"ಅವಳು?"

"ಇವತ್ತು ಎಲ್ಲರಿಗಿಂತ ಮೊದಲು ಬಂದಿದ್ಲು."

ನರ್ಸ್ ಕರೆದರು.

"ಕಣ್ಣೊರೆಸ್ಕೋಬೇಡಿ ಅಕ್ಕಾ, ಡ್ರಾಪ್ಸ್ ಹಾಕಿದ್ದಾರೆ."

"ಇದು ಡ್ರಾಪ್ಸಲ್ಲ ಕಣೇ," ಎನ್ನುತ್ತಾ ಟೈಲರಮ್ಮ ಶಿಷ್ಯೆಯ ಕೈ ಹಿಡಿದು ಡಾಕ್ಟರ ಕೋಣೆಗೆ ನಡೆದರು.