ಕೈಕೊಟ್ಟ ಮೈಕು

ಅಯ್ಯೋ, ಆ ಮೈಕನ್ನ ಯಾಕೆ ಬಿಚ್ತೀಯೇ ಪುಟ್ಟಿ? ಮೈಕು ಚೆನ್ನಾಗಿದೆ! ಚಿನ್ನದಂಥ ಮೈಕು! ತೊಂದರೆ ಇರೋದು ಬೇರೆ ಎಲ್ಲೋ... ಬೈಕಿನ ಸೀಟಿನ ಕೆಳಗೆ ನೋಡು, ಬ್ಯಾಟರಿ ನೋಡು. ಮೈಕು ಬಿಡು. ಬಿಡು ಅಂದ್ನಲ್ಲ!

ಹೂಂ. ಹಾಗೆ. ಸೀಟು ಎತ್ತು... ಯಾಕೆ ನಗ್ತೀಯಾ? ಹೌದು, ಆ ಬಾಚಣಿಗೆ ನಂದೇ. ಸಿಕ್ತಲ್ಲ, ಸದ್ಯ! ಮೂರು ತಿಂಗಳಿಂದ ನಿನ್ನ ಅತ್ತಿಗೆ ಮೇಲೆ ರೇಗಾಡ್ತಿದ್ದೆ.

ಏನಾಗುತ್ತೆ ಅಂದ್ರೆ... ಡಾಕ್ಟರ ಹತ್ರ ಹೇಳೋ ಹಾಗೆ ಸರಿಯಾಗಿ ಹೇಳ್ತೀನಿ, ಕೇಳು. ಗಾಡಿ ನಿಂತಿದ್ರೆ ದನಿ ಖಣಖಣ. ಹೊರಟ್ರೆ ಬರುತ್ತೆ, ಹೋಗುತ್ತೆ, ಬರುತ್ತೆ, ಹೋಗುತ್ತೆ... ಸ್ಪೀಕರಿಗೆ ಬಿಕ್ಕಳಿಕೆ ಬಂದ ಹಾಗೆ! ನಾನು ಹೆಲ್ಮೆಟ್ಟಿನೊಳಗೆ ಕೂಗ್ತಿರ್ತೀನಿ, ನನ್ನ ಕಿವಿಗೆ ನನ್ನ ದನಿ ಪೂರ್ತಿ ಕೇಳುತ್ತೆ. ಜನಕ್ಕೆ ಏನು ಕೇಳಿಸ್ತು ಅನ್ನೋದು ಅವರು ಬೈಯೋಕೆ ಬಂದಾಗಲೇ ಗೊತ್ತಾಗೋದು.

ಹೋದ ವಾರ ನೀರಿನ ಕಚೇರಿಯೋರು ಊರಿಗೆ ಸಾರು ಅಂತ ಚೀಟಿ ಕೊಟ್ರು. 'ಮಂಗಳವಾರ ದಿನಪೂರ್ತಿ ನೀರು ಬರುವುದು ಇಲ್ಲ.' ಅಷ್ಟೇ. ನಾನು ಎಳೆದು ಹೇಳ್ತೀನಲ್ಲ, 'ಬರುವುದೂ... ಇಲ್ಲ!' ಅಂತ? ಆ ಎಳೆಯೋ ಹೊತ್ತಿಗೇ ರಸ್ತೇಲಿ ಗುಂಡಿ! 'ಇಲ್ಲ' ಗುಂಡಿ ಪಾಲಾಯ್ತು. ಇಡೀ ಬೀದಿ ಏನಂದ್ಕೊಳ್ತು? ದಿನಪೂರ್ತಿ ನೀರು! ಮಂಗಳವಾರ ಎಲ್ಲರೂ ಹಾಸಿಗೆ ಹೊದಿಕೆ, ಪರದೆ, ಕಾಲೊರಸು ಎಲ್ಲಾ ಸೋಪಿನಲ್ಲಿ ನೆನೆ ಹಾಕಿ ನಲ್ಲಿ ಮುಂದೆ ಕೂತಿದ್ದಾರೆ. ದರ್ಜಿ ತಲೆಗೆಲ್ಲ ನೊರೆ ಮಾಡ್ಕೊಂಡು, ಟವಲು ಸುತ್ಕೊಂಡು, ಕಣ್ಣು ಮುಚ್ಕೊಂಡೇ ಕಚೇರಿಗೆ ನಡ್ಕೊಂಡು ಬಂದ ಕಣೇ! ಕಣ್ಣು ಕಾಣದೆ ಪಕ್ಕದ ಬ್ಯಾಂಕಿಗೆ ನುಗ್ಗಿ ಅಲ್ಲಿ ಜಗಳ ಆಡಿದ್ದಾನೆ!

ನಗು, ನಗು. ಬೈಸ್ಕೊಂಡೋನು ನಾನು.

ಅದಾದ ಮೇಲೆ ಮೇಷ್ಟ್ರು. ನಮಗೆ ಲೆಕ್ಕ ಹೇಳ್ಕೊಟ್ರಲ್ಲ, ಅವರ ಮನೆ ನಾಯಿ ತಪ್ಪಿಸ್ಕೊಂಡಿತ್ತು. ಪಾಪ, ಅವರೇ ಬಂದು ಬರ್ಕೊಟ್ಟಿದ್ರು. 'ಕಾಣೆಯಾಗಿದೆ ಬಿಳಿ ನಾಯಿ. ನಿವೃತ್ತ ಮೇಷ್ಟ್ರ ಮನೆಯದು. ಬಾಲದ ತುದಿ ಕಪ್ಪು. ಹಿಡಿದು ಕೊಟ್ಟವರಿಗೆ ಬಹುಮಾನ.' ಎರಡೇ ಎರಡು ಗುಂಡಿ ಪುಟ್ಟಿ! ಒಂದು ಗುಂಡಿ 'ನಾಯಿ'ನ ನುಂಗ್ತು, ಇನ್ನೊಂದು 'ಮನೆಯದು' ನುಂಗ್ತು. ಉಳಿದಿದ್ದು... ನೀನೇ ಹೇಳ್ಕೊಂಡು ನೋಡು. ತರಕಾರಿ ತಗೊಳ್ತಿದ್ದ ಮೇಷ್ಟ್ರನ್ನ ಇಬ್ಬರು ರಟ್ಟೆ ಹಿಡ್ಕೊಂಡು ಮನೆಗೆ ತಂದು ಬಿಟ್ಟಿದ್ದಾರೆ! ಅವರ ಹೆಂಡತಿ ಬಾಗಿಲು ತೆಗೆದು, 'ಇವರಲ್ಲಪ್ಪಾ' ಅಂದ್ರಂತೆ!

ಸಾಕು ನಕ್ಕಿದ್ದು, ಕಣ್ಣೊರಸ್ಕೋ. ಕಚೇರಿಯೋರು ಹೇಳಿಬಿಟ್ಟಿದ್ದಾರೆ, ಇನ್ನೊಂದು ಸಲ ಹೀಗಾದ್ರೆ ನೀನು ಬರೋದು ಬೇಡ ಅಂತ. ಹದಿನಾರು ವರ್ಷ ಕಣೇ! ಈ ಬೈಕಿಗೆ ಎರಡು ಸ್ಪೀಕರ್ ಕಟ್ಕೊಂಡು ಹದಿನಾರು ವರ್ಷ ಸಾರಿದ್ದೀನಿ. ಬೇರೆ ಕೆಲಸ ನನಗೇನು ಬರುತ್ತೆ? ಅದಕ್ಕೇ ಮಾನ ಬಿಟ್ಟು ನಿನ್ನ ರೇಡಿಯೋ ರಿಪೇರಿ ಅಂಗಡಿಗೆ ಬಂದೆ. ಅಣ್ಣನ ಗಾಡಿ ಅಂತ ನೋಡಿಕೊಡು.

ಏನದು? ಆ ಕಪ್ಪು ವೈರಾ? ಬೋಲ್ಟು ಸಡಿಲಾಗಿದೆಯಾ? ಇಷ್ಟೇನಾ! ಗಾಡಿ ಕುಲುಕಿದಾಗೆಲ್ಲ ವೈರು ಬಿಟ್ಟು ಬಿಟ್ಟು ಹಿಡೀತಿತ್ತು ಅನ್ನು. ನಾನು ಕಣಜ ಗೂಡು ಕಟ್ಟಿದೆ ಅಂದ್ಕೊಂಡು ಸ್ಪೀಕರಿನೊಳಗೆ ಹೊಗೆ ಬೇರೆ ಹಾಕಿದ್ದೆ... ತಿರುಗಿಸು, ಗಟ್ಟಿಯಾಗಿ ತಿರುಗಿಸು. ಈಗ ಗಾಡಿ ಅಲ್ಲಾಡಿಸ್ತೀನಿ. ಹಲೋ, ಹಲೋ... ಹಲೋ! ಆಹಾ! ಒಂದು ಅಕ್ಷರ ಉದುರಲಿಲ್ಲ! ನೀನು ಬಿಡು, ನೀನು ಬಿಡು!

ನೋಡು, ಇದೇ ವೈರಿಂದಲೇ ಮೊನ್ನೆ ನಿನ್ನ ಬೀದೀಲೂ ಹಾಗಾಗಿದ್ದು. ಆ ತಿರುವಿನಿಂದ ಈ ತುದಿವರೆಗೂ ಒಂದು ಮಾತೂ ಹೊರಡಲಿಲ್ಲ. ನಾನು ಕೂಗೇ ಕೂಗ್ತಿದ್ದೀನಿ, ನೀನು ಇಲ್ಲಿಂದ ಕೈ ಬೀಸಿದೆ, ನಾನೂ ಬೀಸಿದೆ...

ಯಾಕೆ ಸ್ಪ್ಯಾನರ್ ಕೆಳಗಿಟ್ಟೆ?

ಏನು ಸಾರ್ತಿದ್ದೆ ಅಂತಲಾ? ಅದೇ... ನೀರಿಂದೇ. ನೀರು ಬರುತ್ತೆ, ನೀರು ಬರಲ್ಲ... ದಿನಾ ಇದ್ದಿದ್ದೇ.

ರಸ್ತೆ ಯಾಕೆ ನೋಡ್ತೀಯಾ? ಹೌದು, ಡಾಂಬರು ಹಾಕಿದ್ದಾರೆ. ಹೋದ ತಿಂಗಳೇ ಹಾಕಿದ್ರು, ನನಗೂ ಗೊತ್ತು. ಗುಂಡಿ... ಇಲ್ಲ. ಗಾಡಿ ಬೆಣ್ಣೆ ಮೇಲೆ ಹೋದ ಹಾಗೆ ಹೋಯ್ತು. ಆದ್ರೂ... ಬಿಸಿಲಿಗೆ ಹೊಸ ಡಾಂಬರು ಕಾದು, ಆ ಕಾವು ಸ್ಪೀಕರಿಗೆ ತಾಗಿ... ಹಾಗಾಗಲ್ವಾ? ಆಗಲ್ವಾ?



ಆ ಮೈಕಿನ ಸ್ವಿಚ್ಚು ಯಾಕೆ ಟಕ್ ಟಕ್ ಅನ್ನಿಸ್ತಿದ್ದೀಯಾ? ಅದು ಚೆನ್ನಾಗಿದೆ ಅಂದೆನಲ್ಲ... ಚೆನ್ನಾಗೇ ಇದೆ. ಮೊನ್ನೆನೂ ಚೆನ್ನಾಗೇ ಇತ್ತು. ಹಾಗೆ ನೋಡಬೇಡ ಪುಟ್ಟಿ. ಬೈದುಬಿಡು. ಬಾಯಿ ಬಿಟ್ಟು ಬೈದುಬಿಡು!

ಮೈಕು ಆರಿಸಿದ್ದು ನಾನೇ. ಆಯ್ತಾ? ಆ ತಿರುವಿನಲ್ಲಿ ಆರಿಸಿದೆ, ಬೀದಿ ದಾಟಿದ ಮೇಲೆ ಹಾಕಿದೆ. ಕಚೇರಿಗೆ ಸಾರೋಕೆ ಇನ್ನೊಬ್ಬರು ಬೇಕಂತೆ. ಗಂಡಸೋ ಹೆಂಗಸೋ, ಯಾರಾದ್ರೂ ಸರಿ, ದನಿ ಸ್ಪಷ್ಟವಾಗಿರಬೇಕು. ಇಡೀ ಊರಿಗೆ ಸಾರಿದೆ. ನಿನಗೆ ಮಾತ್ರ... ಸಾರಲಿಲ್ಲ.

ಹೋದ ವರ್ಷ ನನ್ನ ಗಂಟಲು ಕಟ್ಟಿದಾಗ ಒಂದೇ ಒಂದು ದಿನ ನನ್ನ ಬದಲು ನೀನು ಸಾರೋಕೆ ಹೋಗಿದ್ದೆ, ನೆನಪಿದೆಯಾ? ಅವತ್ತು ಜನ ಟಿವಿ ಆರಿಸಿ ಬಾಗಿಲಿಗೆ ಬಂದಿದ್ರಂತೆ. ನೀರಿನ ಸುದ್ದಿ ಕೇಳೋಕೆ! ಆಮೇಲೆ ಮೂರು ತಿಂಗಳು, ಹೋದ ಹೋದಲ್ಲೆಲ್ಲ, 'ನಿಮ್ಮ ತಂಗೀನ ಕಳಿಸಿ, ನಿಮ್ಮ ತಂಗೀನ ಕಳಿಸಿ.' ಹದಿನಾರು ವರ್ಷದಲ್ಲಿ ನನ್ನನ್ನ ಕಳಿಸಿ ಅಂತ ಯಾರಾದ್ರೂ ಅಂದಿದ್ದಾರಾ? ಹೆದರಿಕೆ ಆಯ್ತು ಕಣೇ. ನೀನು ಬಂದ್ರೆ ನಾನ್ಯಾಕೆ ಬೇಕು ಅವರಿಗೆ?

ಈ ಅಂಗಡಿಗೆ ಈಗ ಯಾರೂ ಬರಲ್ಲ, ಅದೂ ಗೊತ್ತು ನನಗೆ. ಯಾರ ಮನೇಲಿದೆ ಈಗ ರೇಡಿಯೋ? ಗೊತ್ತಿದ್ದೂ ಆರಿಸಿದೆ.

...ಮೈಕು ಯಾಕೆ ನನ್ನ ಕೈಗೆ ಕೊಡ್ತೀಯಾ? ಇಲ್ಲೇನಾ? ಈಗಲೇನಾ? ಎದುರಿಗೆ ಕ್ಷೌರದಂಗಡಿ ತುಂಬ ಜನ ಇದ್ದಾರೆ ಕಣೇ... ಸರಿ. ಸರಿ, ಕೊಡು.

ಸಾರ್ವಜನಿಕರ ಗಮನಕ್ಕೆ! ನೀರಿನ ಕಚೇರಿಯಲ್ಲಿ ಸಾರುವ ಕೆಲಸಕ್ಕೆ ಒಬ್ಬರು ಬೇಕಾಗಿದ್ದಾರೆ! ಅರ್ಜಿ ಕೊಡಲು ಇವತ್ತೇ ಕೊನೆ ದಿನ, ಸಂಜೆ ನಾಲ್ಕು ಗಂಟೆವರೆಗೆ! ಮೊನ್ನೆ ಇದು ಈ ಬೀದಿಯವರಿಗೆ ಕೇಳಿಸಲಿಲ್ಲ! ಕೆಟ್ಟಿದ್ದು ವೈರಲ್ಲ... ಕೆಟ್ಟಿದ್ದು ಸಾರುವವನು! ಅವನು ತನ್ನ ತಂಗಿ ಹತ್ರ... ತಪ್ಪಾಯ್ತು ಅಂತಿದ್ದಾನೆ!

ಆಯ್ತಾ? ಸಮಾಧಾನ ಆಯ್ತಾ? ನೋಡು, ಕ್ಷೌರದೋನು ಕತ್ತರಿ ಹಿಡ್ಕೊಂಡೇ ಹೊರಗೆ ಬಂದ.

ಅರೆ, ಅಂಗಡಿ ಬಾಗಿಲು ಎಳೀತಿದ್ದೀಯಾ? ಹೊರಟೆಯಾ? ಇರು, ಇರು, ಇನ್ನೂ ಮೂರೂ ಕಾಲು, ನಾನೇ ಕಚೇರಿಗೆ ಬಿಡ್ತೀನಿ. ಕೀ ಕೊಡು... ಕೀ ಕೊಡೇ! ಏನು? ನಾನು ಹಿಂದೆ ಕೂರಬೇಕಾ? ನನ್ನ ಗಾಡೀಲಿ, ನಾನು, ಹಿಂದೆ?

...ಕೂತೆ ಮಾರಾಯ್ತಿ, ಕೂತೆ. ಹೊರಡು.