ಹಳಿ ಪಕ್ಕ ಇಟ್ಟ ಹೂವು

ಮಡಕಶಿರಾ ಬಸ್ ಸ್ಟ್ಯಾಂಡಿನಲ್ಲಿ ಗುಡಿಬಂಡೆ ಬಸ್ಸಿಗೆ ಕಾಯುತ್ತಿದ್ದ ಕೃಷ್ಣವೇಣಿಯ ಪಕ್ಕದ ಬೆಂಚಿಗೆ, ಬೆನ್ನಿಗೆ ದೊಡ್ಡ ಬ್ಯಾಗು ಹೊತ್ತ ಗಂಡ ಹೆಂಡತಿ ಬಂದು ಕೂತರು. ಬೇಡವೆಂದರೂ ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ರೊಳ್ಳಕ್ಕೆ ಹೋದ ತಕ್ಷಣ ಅಜ್ಜಿ ಕೇಳ್ತಾರೆ. ಏನಂತ ಹೇಳ್ತೀರಾ?” ಎಂದಳು ಹೆಂಡತಿ.

“ಅವರಪ್ಪನ ಹೆಸರು ಕಲ್ಲಲ್ಲಿ ಕೆತ್ತವ್ರೆ ಅಂತೀನಿ.”

“ಫೋಟೋ ತೋರ್ಸು ಅಂದ್ರೆ?”

“ಮತ್ತೇನು ಹೇಳ್ಲಿ ಅರ್ಚನಾ? ಥಾಯ್ಲೆಂಡಿನವರೆಗೂ ಹೋಗಿ ಬಂದ್ವಿ. ಯುದ್ಧದಾಗೆ ಸತ್ತ ಬಿಳಿ ಸಿಪಾಯಿಗಳಿಗೆ ಸಾಲು ಸಾಲು ಸಮಾಧಿ ಐತೆ, ಹೆಸರೈತೆ. ಜಪಾನಿನವರು ರೈಲು ಹಳಿ ಹಾಕಕ್ಕೆ ಎಳ್ಕೊಂಡು ಹೋದ ಕೂಲಿಯವರಾಗೆ ಹೊರದೇಶಕ್ಕೆ ದುಡಿಯಕ್ಕೆ ಹೋಗಿದ್ದ ನಮ್ಮ ಮುತ್ತಜ್ಜನ ಹೆಸರು ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ ಅಂತ ಹೇಳ್ಲಾ?”

“ಹಳಿ ಪಕ್ಕ ಹೂವು ಇಟ್ಟು ಕೈ ಮುಗಿದು ಬಂದ್ವಿ ಅಂತ ಹೇಳಿ.”

“ಯಾರು ಇಟ್ಟಿದ್ದು?”

“ನಾನೇ. ನೀವು ಆ ರೈಲು ಸೇತುವೆ ಮೇಲೆ ಒಬ್ರೇ ನಡ್ಕೊಂಡು ಹೋದ್ರಲ್ಲ, ಆವಾಗ.”

“ನನಗೆ ಹೇಳ್ಲೇ ಇಲ್ವಲ್ಲ.”

“ಹೇಳಕ್ಕೆ ಬಂದೆ. ಸುಮ್ನಿರು ಅಂದ್ರಿ. ಅಲ್ಲಿಂದ ಇಲ್ಲೀವರೆಗೂ ಸುಮ್ನೇ ಇದೀನಿ.”

ಗಂಡ ತಲೆ ತಗ್ಗಿಸಿದ. ಅಷ್ಟರಲ್ಲಿ ರೊಳ್ಳದ ಬಸ್ಸು ಬಂತು.

“ಹಂಗಾದ್ರೆ ಅಜ್ಜಿಗೆ ನೀನೇ ಹೇಳು,” ಎಂದ ಅವನು ಏಳುತ್ತಾ. “ಹೂವು ಇಡೋವಾಗ ನಾನು ನಿನ್ನ ಜತೆ ಇರ್ಲಿಲ್ಲ.”

ಅರ್ಚನಾ ಬಸ್ಸು ಹತ್ತಿದಳು. ಅವನೂ ಹಿಂದೆಯೇ ಹತ್ತಿದ. ಬಸ್ಸು ತಿರುಗುವಾಗ ಕೃಷ್ಣವೇಣಿಗೆ ಕಂಡಿತು: ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರು. ಅರ್ಚನಾ ಕಿಟಕಿಯಾಚೆ ನೋಡುತ್ತಿದ್ದಳು, ಅವನು ತನ್ನ ಖಾಲಿ ಅಂಗೈ ನೋಡುತ್ತಿದ್ದ.